ತಂತಿಯಿಲ್ಲದ ಬೇಲಿ: ಶಿರಾ, ಪಾವಗಡ ಕಡೆಯ ಕುರಿಮಂದೆಗೆ ಹೊಂದುತ್ತದೆಯೇ?

ಒಂದೆರಡು ಎಕರೆ ಸ್ವಂತ ಜಮೀನು, ಮಿಕ್ಕಿದ್ದಕ್ಕೆ ಊರ ಗೋಮಾಳ ಎನ್ನುವವರಿಗೆ ವರ್ಚುವಲ್ ಬೇಲಿ, ಅಂದರೆ ಕಂಬ, ತಂತಿ ಇಲ್ಲದೆ ಕೊರಳಿನ ಕಾಲರ್‌ನಿಂದಲೇ (ಕೊರಳಪಟ್ಟಿ) ಕುರಿಯನ್ನು ತಡೆಯುವ ಬೇಲಿ, ದಂಡ. ಒಂದೇ ಕಡೆ ಹತ್ತು ಎಕರೆಗೂ ಮೇಲ್ಪಟ್ಟು ಹುಲ್ಲುಗಾವಲು ಇರುವವರು ಮಾತ್ರ ಲೆಕ್ಕ ಹಾಕಿ ನೋಡಬಹುದು.

ಮೊಬೈಲ್ ನಕ್ಷೆಯ ಮೇಲೆ ಬೆರಳಲ್ಲಿ ಗೆರೆ ಎಳೆದರೆ ಬೇಲಿ ಹಾಕಿದಂತೆ. ಕುರಿ ಆ ಗೆರೆ ದಾಟಿದ ಕೂಡಲೇ ಕೊರಳಿನ ಜಿಪಿಎಸ್ ಕಾಲರ್ ಸದ್ದು ಮಾಡುತ್ತದೆ, ಸ್ವರ ಏರುತ್ತಾ ಹೋಗುತ್ತದೆ. ತಿರುಗಿದರೆ ಸದ್ದು ನಿಲ್ಲುತ್ತದೆ, ತಿರುಗದಿದ್ದರೆ ಸಣ್ಣದೊಂದು ಶಾಕ್. ಕುರಿ, ಮೇಕೆಗೆಂದೇ ಇರುವ ನಾರ್ವೆಯ ನೋಫೆನ್ಸ್ ಕಾಲರ್‌ನಲ್ಲಿ ಶಾಕ್ 0.1 ಜೂಲ್, ತೂಕ ಸುಮಾರು ಅರ್ಧ ಕೆಜಿ. ಮೂರು ಸಲ ಶಾಕ್ ತಿಂದರೂ ಮುಂದಕ್ಕೇ ಹೋಗುವ ಪ್ರಾಣಿಗೆ ನಾಲ್ಕನೆಯದಿಲ್ಲ, ತಪ್ಪಿಸಿಕೊಂಡಿದೆ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ಅಷ್ಟು ಹೊತ್ತಿಗೆ ಕುರಿ ಪಕ್ಕದವರ ಕಡಲೆಕಾಯಿ ಹೊಲದಲ್ಲಿರುತ್ತದೆ!

ನಮ್ಮ ಕಡೆ ಪೆಟ್ಟು ಬೀಳುವುದೇ ಇಲ್ಲಿ. ಜಿಪಿಎಸ್ ಎಂದ ಮೇಲೆ ಮೂರರಿಂದ ಐದು ಮೀಟರ್ ಆಚೀಚೆ ಇದ್ದದ್ದೇ. ಸದ್ದು ಶುರುವಾದ ಮೇಲೂ ಕುರಿ ನಾಲ್ಕು ಹೆಜ್ಜೆ ಇಟ್ಟೇ ತಿರುಗುವುದು. ಆದ್ದರಿಂದ ಗೆರೆಯನ್ನು ಬದುವಿನ ಮೇಲೆ ಎಳೆಯದೆ, ಹತ್ತು ಮೀಟರ್ ಒಳಗೆ ಎಳೆಯಬೇಕು. ಚೌಕಾಕಾರದ ಒಂದು ಎಕರೆಯ ಪ್ರತಿ ಬದಿ ಸುಮಾರು 64 ಮೀಟರ್. ನಾಲ್ಕೂ ಕಡೆ ಹತ್ತು ಮೀಟರ್ ಬಿಟ್ಟರೆ ಮೇಯಲು ಉಳಿಯುವುದು ಅರ್ಧಕ್ಕಿಂತ ಕಮ್ಮಿ. ಅದೇ ಹತ್ತು ಎಕರೆಯ ಚೌಕದಲ್ಲಿ ಶೇ. 80ರಷ್ಟು ಕೈಗೆ ಸಿಗುತ್ತದೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಉದ್ದುದ್ದ ಪಟ್ಟೆಗಳಿದ್ದರಂತೂ ಆ ಮಾತೇ ಬೇಡ.

ಮಧುಗಿರಿ, ಕೊರಟಗೆರೆ ಕಡೆಯ ಬಂಡೆಗುಡ್ಡಗಳ ಬುಡದಲ್ಲಿ, ಒತ್ತಾದ ಹುಣಸೆ ತೋಪಿನಲ್ಲಿ ಜಿಪಿಎಸ್ ಇನ್ನೂ ಹೆಚ್ಚು ತಪ್ಪುತ್ತದೆ. ತಗಡಿನ ಶೆಡ್ಡಿನೊಳಗೆ ಕಟ್ಟಿದ ಕುರಿ ನಕ್ಷೆಯಲ್ಲಿ ಗೆರೆಯಾಚೆ ಕಾಣಿಸಿಕೊಂಡು, ನಿಂತಲ್ಲೇ ಸುಮ್ಮಸುಮ್ಮನೆ ಶಾಕ್ ತಿನ್ನುವ ಅಪಾಯವೂ ಉಂಟು. ಅದಕ್ಕೇ ರೊಪ್ಪದಲ್ಲಿ ಬ್ಲೂಟೂತ್ ಬೀಕನ್ (ಹತ್ತಿರದ ಕಾಲರ್‌ಗೆ ಸಂಕೇತ ಕಳಿಸುವ ಪುಟ್ಟ ಸಾಧನ) ಕಟ್ಟಬೇಕು. ಅದರ ಹತ್ತಿರ ಬಂದಾಗ ಕಾಲರ್ ಸದ್ದು, ಶಾಕ್ ಎರಡನ್ನೂ ನಿಲ್ಲಿಸುತ್ತದೆ. ಬೀಕನ್ ಸೇರಿಲ್ಲದ ಕಿಟ್ ತೆಗೆದುಕೊಳ್ಳಬೇಡಿ.

ಕುರಿಗಳಿಗೆ ಪಾಠ ಕಲಿಸಲು ಒಂದು ವಾರವಾದರೂ ಬೇಕು. ಮೊದಲು ನಿಜವಾದ ಬೇಲಿಯ ಮೂರು ಮಗ್ಗುಲು ಹಾಗೇ ಇರಲಿ, ನಾಲ್ಕನೆಯದು ಮಾತ್ರ ಕಾಲರ್ ಗೆರೆ. ನೀರಿನ ತೊಟ್ಟಿ ಗೆರೆಯಿಂದ ದೂರವಿರಲಿ, ಇಲ್ಲದಿದ್ದರೆ ನೀರಿಗೇ ಹೆದರುತ್ತವೆ. ಕೊರಳ ಉಣ್ಣೆ ದಟ್ಟವಾಗಿದ್ದರೆ ಶಾಕ್ ಚರ್ಮಕ್ಕೆ ತಾಗುವುದೇ ಇಲ್ಲ, ಆ ಜಾಗ ಕತ್ತರಿಸಲೇಬೇಕು. ಬೆಳೆಯುವ ಮರಿಗಳ ಕೊರಳು ವಾರವಾರಕ್ಕೂ ದಪ್ಪವಾಗುತ್ತದೆ. ಕಾಲರ್ ಬಿಗಿಯಾಗಿದೆಯೇ, ಉಜ್ಜಿ ಗಾಯವಾಗಿದೆಯೇ ಎಂದು ಬೆರಳು ಹಾಕಿ ನೋಡುತ್ತಿರಬೇಕು. ಕಾಲರ್‌ನ ಸೋಲಾರ್ ಪಟ್ಟಿಯ ಮೇಲೆ ಕೆಮ್ಮಣ್ಣು ಮೆತ್ತಿದರೆ ಚಾರ್ಜ್ ಇಳಿಯುತ್ತದೆ, ಒರೆಸಬೇಕು.

ಈ ಬೇಲಿ ತಡೆಯುವುದು ನಮ್ಮ ಕುರಿಯನ್ನು ಮಾತ್ರ. ಚಿರತೆ, ತೋಳ, ಬೀದಿನಾಯಿ, ಕಳ್ಳ ಯಾರಿಗೂ ಅದು ಕಾಣುವುದಿಲ್ಲ. ನಾಯಿ ನುಗ್ಗಿ ಮಂದೆ ಬೆದರಿದರೆ ಒಂದು ಶಾಕ್ ಯಾವ ಲೆಕ್ಕ?

ಹಾಗಾಗಿ ಕಾಯುವವರ ಕೂಲಿ ಉಳಿಯುತ್ತದೆಂದು ಲೆಕ್ಕ ಹಾಕುವುದು ತಪ್ಪು. ಹೋಲಿಸಬೇಕಾದ್ದು ಕಲ್ಲುಕಂಬದ ಬೇಲಿಯ ಜೊತೆ. ಹತ್ತು ಎಕರೆ ಚೌಕದ ಸುತ್ತಳತೆ ಸುಮಾರು 805 ಮೀಟರ್. ಮೂರು ಮೀಟರಿಗೊಂದರಂತೆ 270 ಕಂಬ, ಐದೆಳೆ ಮುಳ್ಳುತಂತಿಗೆ ನಾಲ್ಕು ಕಿಲೋಮೀಟರ್ ತಂತಿ. ಮುಳ್ಳುತಂತಿಯ ಸಂದಿಯಲ್ಲಿ ಮರಿ ನುಸುಳುತ್ತದೆ, ಚೈನ್ ಲಿಂಕ್ ಹಾಕಿದರೆ ಖರ್ಚು ಇನ್ನೂ ಮೇಲೆ. ಆದರೆ ಆ ಖರ್ಚು ಒಂದೇ ಸಲ. ಕಾಲರ್‌ಗೆ ತಲೆಗೊಂದರಂತೆ ಬೆಲೆ, ಜೊತೆಗೆ ವರ್ಷವರ್ಷ ಚಂದಾ. ಮಂದೆ ದೊಡ್ಡದಾದಷ್ಟೂ ಕಾಲರ್ ಖರ್ಚು ಬೆಳೆಯುತ್ತದೆ, ಜಮೀನು ದೊಡ್ಡದಾದಷ್ಟೂ ಕಂಬದ ಖರ್ಚು ಬೆಳೆಯುತ್ತದೆ. ಅಂದರೆ ಜಾಗ ವಿಶಾಲ, ತಲೆ ಕಡಿಮೆ, ಹುಲ್ಲನ್ನು ತುಂಡುತುಂಡಾಗಿ ಸರದಿಯಲ್ಲಿ ಮೇಯಿಸುವ ಆಸೆ ಇದ್ದರೆ ಕಾಲರ್ ಗೆಲ್ಲುತ್ತದೆ. ಗುತ್ತಿಗೆ ಜಮೀನಿಗೂ ಅದೇ ವಾಸಿ, ಗುತ್ತಿಗೆ ಮುಗಿದಾಗ ಬಿಚ್ಚಿಕೊಂಡು ಹೋಗಬಹುದು. 

ಮಾರುವವರನ್ನು ಕೇಳಬೇಕಾದ್ದು: ಕಾಲರ್ ಯಾವ ನೆಟ್‌ವರ್ಕ್ ಹಿಡಿಯುತ್ತದೆ? 2ಜಿ ಆದರೆ ಜಿಯೋ ಸಿಮ್ ನಡೆಯದು. ಲೋರಾ (ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ ರೇಡಿಯೊ) ಆದರೆ ಅಮೆರಿಕದ 915 ಮೆಗಾಹರ್ಟ್ಸ್ ಕಿಟ್ ಬೇಡ, ಇಲ್ಲಿ ಲೈಸೆನ್ಸ್ ಬೇಡದ ಬ್ಯಾಂಡ್ 865ರಿಂದ ಶುರು. ವೈರ್‌ಲೆಸ್ ಉಪಕರಣಕ್ಕೆ ಡಬ್ಲ್ಯುಪಿಸಿ (ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ) ಕೊಟ್ಟ ಅನುಮೋದನೆ ಪತ್ರ ತೋರಿಸಲಿ. ದುಡ್ಡು ಕೊಡುವ ಮುಂಚೆ ಒಂದು ಕಾಲರ್ ಕೈಯಲ್ಲಿ ಹಿಡಿದು ಜಮೀನಿನ ಬದು ಸುತ್ತಿ, ನಕ್ಷೆಯ ಚುಕ್ಕಿ ಎಲ್ಲೆಲ್ಲಿ ಜಿಗಿಯುತ್ತದೆ ನೋಡಿ. ಅಷ್ಟಕ್ಕೂ ಒಪ್ಪದವರ ಹತ್ತಿರ ವ್ಯಾಪಾರ ಬೇಡ.