ಸೆಕೋನಿಕ್ ಎಲ್-308ಎಸ್ ಲೈಟ್ ಮೀಟರ್: ಹಲವು ವರ್ಷ ಬಳಸಿದ ಮೇಲೆ

ನನ್ನ ಪೆಂಟಾಕ್ಸ್ ಕೆ1000 ಫಿಲಂ ಕ್ಯಾಮೆರಾದ ಒಳಗೆ, ಚಿತ್ರಕ್ಕೆ ಎಷ್ಟು ಬೆಳಕು ಬೇಕೆಂದು ಹೇಳುವ ಮೀಟರ್ ಇವತ್ತಿಗೂ ಸರಿಯಾಗಿದೆ. ಆದರೂ ಈ ಕೈಮೀಟರ್ ಇಲ್ಲದೆ ನಾನು ರೋಲ್ ಹಾಕುವುದಿಲ್ಲ.

ಕ್ಯಾಮೆರಾದ ಮೀಟರ್ ಅಳೆಯುವುದು ವಸ್ತುವಿನಿಂದ ಪುಟಿದು ಬರುವ ಬೆಳಕನ್ನು. ಕೆ1000ದಲ್ಲಂತೂ ಇಡೀ ಫ್ರೇಮಿನ ಸರಾಸರಿ. ಎದುರಿಗಿದ್ದದ್ದೆಲ್ಲ ನಡುಬೂದು (ಕಪ್ಪು-ಬಿಳಿಯ ನಡುವಿನ ಬಣ್ಣ) ಎಂದೇ ಅದರ ಲೆಕ್ಕ. ಬೇಲೂರಿನ ಸೂರಿನಡಿಯ ಮದನಿಕೆಯರನ್ನು ತೆಗೆಯಲು ಹೋದರೆ ಇದು ಚೆನ್ನಾಗಿ ತಿಳಿಯುತ್ತದೆ. ಕಪ್ಪಾದ ಬಳಪದ ಕಲ್ಲೇ ಫ್ರೇಮ್ ತುಂಬಿದರೆ ಮೀಟರಿನ ಮುಳ್ಳು ಇನ್ನಷ್ಟು ಬೆಳಕು ಕೇಳುತ್ತದೆ, ಕಲ್ಲು ಬೂದಿಬಣ್ಣವಾಗುತ್ತದೆ. ಮೂಲೆಯಲ್ಲಿ ಒಂದಿಷ್ಟು ಆಕಾಶ ಸೇರಿತೋ, ಅದೇ ಮುಳ್ಳು ಉಲ್ಟಾ ಹೇಳುತ್ತದೆ, ಶಿಲ್ಪ ಕಪ್ಪಾಗುತ್ತದೆ. ಶಿಲ್ಪದ ಮೇಲಿನ ಬೆಳಕು ಮಾತ್ರ ಎರಡು ಸಲವೂ ಒಂದೇ.

ಎಲ್-308ಎಸ್‌ನ ಬಿಳಿ ಗುಮ್ಮಟ ಅಳೆಯುವುದು ಆ ಬೀಳುವ ಬೆಳಕನ್ನು. ಶಿಲ್ಪ ಕೈಗೆಟುಕದಿದ್ದರೆ ಅದೇ ನೆರಳಿಗೆ ಹೋಗಿ, ಗುಮ್ಮಟವನ್ನು ಕ್ಯಾಮೆರಾ ಇಡುವ ದಿಕ್ಕಿಗೆ ತಿರುಗಿಸಿ ಬಟನ್ ಒತ್ತಿದರೆ ಸಾಕು. ಸೂರ್ಯನ ಕಡೆ ತಿರುಗಿಸಬಾರದು; ಬಿಸಿಲಲ್ಲಿ ನಿಂತು ನೆರಳಿನ ರೀಡಿಂಗ್ ತೆಗೆಯಲೂಬಾರದು. ತೆರೆದ ನೆರಳಿಗೂ ನೇರ ಬಿಸಿಲಿಗೂ ಸುಮಾರು 3 ಸ್ಟಾಪ್ ಅಂತರ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ). ನೆಗೆಟಿವ್ ಫಿಲಂ ಹೆಚ್ಚಿನ ಬೆಳಕನ್ನು ತಡೆದುಕೊಳ್ಳುತ್ತದೆ, ಸ್ಲೈಡ್ ಫಿಲಂ ಅರ್ಧ ಸ್ಟಾಪ್ ತಪ್ಪಿದರೂ ತೋರಿಸಿಬಿಡುತ್ತದೆ. ಈಗಿನ ರೋಲಿನ ಬೆಲೆಗೆ ಒಂದು ಫ್ರೇಮ್ ಹಾಳಾದರೂ ಹೊಟ್ಟೆ ಉರಿಯುತ್ತದೆ.

ಫಿಲ್ಟರ್ ಹಾಕುವವರಿಗೆ ಒಂದು ಮಾತು. ಕ್ಯಾಮೆರಾದ ಮೀಟರ್ ಲೆನ್ಸಿನ ಮೂಲಕವೇ ನೋಡುವುದರಿಂದ ಫಿಲ್ಟರ್ ಕಳೆಯುವ ಬೆಳಕೂ ಅದರ ಲೆಕ್ಕದಲ್ಲಿರುತ್ತದೆ. ಕೈಮೀಟರಿಗೆ ಅದು ಗೊತ್ತಿಲ್ಲ. ಹಳದಿಗೆ 1 ಸ್ಟಾಪ್, ಗಾಢ ಕೆಂಪಿಗೆ 3 ಸ್ಟಾಪ್ ನಾವೇ ಸೇರಿಸಬೇಕು.

ಮೀಟರ್ ಅಂಗಿ ಜೇಬಿನಲ್ಲಿ ಹಿಡಿಸುತ್ತದೆ. ಒಂದೇ ಎಎ ಸೆಲ್, ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಹಳೆಯ ಮೀಟರುಗಳಿಗೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ ಹುಡುಕಿ ಬೇಸತ್ತವರಿಗೆ ಇದೇ ದೊಡ್ಡ ನೆಮ್ಮದಿ. ಸೆಲ್ ಬದಲಿಸಿದಾಗಲೆಲ್ಲ ಮೋಡವಿಲ್ಲದ ನಡುಹಗಲಿನಲ್ಲಿ ಫಿಲಂನ ಬೆಳಕಿನ ಸಂವೇದನೆ ಐಎಸ್‌ಒ 100, ಶಟರ್ ವೇಗ 1/125 ಸೆಕೆಂಡ್ ಇಟ್ಟು ನೋಡುತ್ತೇನೆ. ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/16ರ ಆಸುಪಾಸು ಬಂದರೆ ನಂಬುತ್ತೇನೆ.

ಕೊರತೆಗಳೂ ಇವೆ. ಶಟರ್ ವೇಗ ಕೊಟ್ಟರೆ ಅಪರ್ಚರ್ ಹೇಳುತ್ತದೆ. ಅಪರ್ಚರ್ ಮೊದಲು ನಿರ್ಧರಿಸುವವರು ಬಟನ್ ಒತ್ತಿ ಒತ್ತಿ ಅಲ್ಲಿಗೆ ತಲುಪಬೇಕು. ಗುಮ್ಮಟ ಸರಿಸಿ ಪುಟಿದ ಬೆಳಕನ್ನೂ ಅಳೆಯಬಹುದು. ಆದರೆ ನೋಟದ ಕೋನ 40 ಡಿಗ್ರಿ, ದೂರದ ಒಂದು ಮುಖವನ್ನಷ್ಟೇ ಅಳೆಯಲು ತೀರಾ ಅಗಲ. ಅದಕ್ಕೆ 1 ಡಿಗ್ರಿಯ ಸ್ಪಾಟ್ ಮೀಟರೇ ಬೇಕು.

ಯಕ್ಷಗಾನ ನಡೆಯುವಾಗ ರಂಗಕ್ಕೆ ಹೋಗಿ ಅಳೆಯಲಾಗದು; ಅದಕ್ಕೆ ನಾನು ಕಂಡುಕೊಂಡ ದಾರಿ ಬೇರೆ. ಬಯಲಾಟದ ದೀಪಗಳು ಸಾಮಾನ್ಯವಾಗಿ ಬೆಳಗಿನವರೆಗೂ ಒಂದೇ ತೆರನಾಗಿರುತ್ತವೆ. ಆಟ ಶುರುವಾಗುವ ಮುನ್ನ ಮೇಳದವರ ಒಪ್ಪಿಗೆ ಪಡೆದು ರಂಗಸ್ಥಳದ ನಡುವೆ ಒಂದು, ಅಂಚಿನಲ್ಲಿ ಒಂದು ರೀಡಿಂಗ್ ತೆಗೆದು ಬರೆದಿಟ್ಟುಕೊಳ್ಳುತ್ತೇನೆ. ಮೀಟರಿನ ಪರದೆಗೆ ಬೆಳಕಿಲ್ಲ, ಚಿಕ್ಕ ಟಾರ್ಚ್ ಜೊತೆಗಿರಲಿ.