ಫೇಲ್‌ಟುಬ್ಯಾನೋ ಕ್ರೌಡ್‌ಸೆಕ್ಕೋ: ಸಣ್ಣ ಸರ್ವರಿಗೆ ಯಾವುದು?

ಒಂದು ಜಿಬಿ ರ‍್ಯಾಮಿನ ಬಾಡಿಗೆ ಸರ್ವರು, ಅದರಲ್ಲೊಂದು ಲಾಗಿನ್ ಪುಟ. ಬಳಸುವವರು ಹೆಚ್ಚಾಗಿ ಬದಿಯಡ್ಕ, ಪೆರ್ಲ, ಮಂಜೇಶ್ವರದಿಂದ ಮೊಬೈಲ್ ಡೇಟಾದಲ್ಲಿ ಬರುವವರು. ಪಾಸ್‌ವರ್ಡ್ ಊಹಿಸುತ್ತಾ ಬಡಿಯುವವರ ಐಪಿಯನ್ನು ತಾನಾಗಿ ತಡೆಯುವ ತಂತ್ರಾಂಶಗಳು ಫೇಲ್‌ಟುಬ್ಯಾನ್, ಕ್ರೌಡ್‌ಸೆಕ್. ಇಂಥ ಕಡೆ ಎರಡನ್ನೂ ಓಡಿಸಿ ನೋಡಿದ ಮೇಲೆ ನನ್ನ ಆಯ್ಕೆ ಕ್ರೌಡ್‌ಸೆಕ್.

ಎರಡೂ ಫೀಡ್‌ಬ್ಯಾಕ್ ಲೂಪ್‌ಗಳೇ, ಅಂದರೆ ನೋಡಿ, ತೀರ್ಮಾನಿಸಿ, ತಡೆದು, ಮತ್ತೆ ನೋಡುವ ಸುತ್ತು. ಲಾಗ್ ಓದುವುದು ಸೆನ್ಸರ್, ತೀರ್ಮಾನಿಸುವುದು ಕಂಟ್ರೋಲರ್, ತಡೆಯುವ ಫೈರ್‌ವಾಲ್ ಆಕ್ಚುಯೇಟರ್. ವ್ಯತ್ಯಾಸ ಕಂಟ್ರೋಲರಿನ ನೆನಪಿನಲ್ಲಿದೆ. ಫೇಲ್‌ಟುಬ್ಯಾನ್ ಡಿಫಾಲ್ಟಾಗಿ 10 ನಿಮಿಷದೊಳಗೆ 5 ತಪ್ಪು ಕಂಡರೆ 10 ನಿಮಿಷ ಬಾಗಿಲು ಹಾಕುತ್ತದೆ. ಕ್ರೌಡ್‌ಸೆಕ್‌ನದು ತೂತಿನ ಬಕೆಟ್: ಎಸ್‌ಎಸ್‌ಎಚ್ (ದೂರದಿಂದ ಸರ್ವರಿನೊಳಗೆ ಹೋಗುವ ದಾರಿ) ನಿಯಮದಲ್ಲಿ 5 ತಪ್ಪು ಹಿಡಿಸುತ್ತದೆ, 10 ಸೆಕೆಂಡಿಗೊಂದು ಸೋರಿ ಹೋಗುತ್ತದೆ. ಹಳೆಯ ಪಾಸ್‌ವರ್ಡ್ ಉಳಿದುಕೊಂಡ ಫೋನೊಂದು ನಿಮಿಷಕ್ಕೊಮ್ಮೆ ಬಡಿಯುತ್ತಿದ್ದರೆ ಫೇಲ್‌ಟುಬ್ಯಾನ್ ಐದನೇ ಸಲಕ್ಕೆ ತಡೆಯುತ್ತದೆ. ಬಕೆಟ್ ತುಂಬುವುದೇ ಇಲ್ಲ. ಮೊಬೈಲ್ ಕಂಪೆನಿಗಳು ಎಷ್ಟೋ ಜನರನ್ನು ಒಂದೇ ಐಪಿಯ ಹಿಂದೆ ಕೂರಿಸುವುದರಿಂದ ಆ ಒಂದು ತಡೆಯಲ್ಲಿ ಅಕ್ಕಪಕ್ಕದವರೂ ಸಿಕ್ಕಿಬೀಳುತ್ತಾರೆ. ಲಾಗಿನ್ ಪುಟಕ್ಕೆ ಹೊಂದುವ ಸಿದ್ಧ ನಿಯಮ ಇಲ್ಲದಿದ್ದರೆ ಇದೇ ಅಳತೆಯದನ್ನು ನಾವೇ ಬರೆದುಕೊಳ್ಳಬೇಕು.

ಫೇಲ್‌ಟುಬ್ಯಾನಿನಲ್ಲಿ ತಡೆಯ ಅವಧಿ ಬೆಳೆಸುವ ಬ್ಯಾನ್‌ಟೈಮ್ ಇನ್‌ಕ್ರಿಮೆಂಟ್ ಹಾಕಿದರೆ 10, 20, 40 ನಿಮಿಷ ಎಂದು ಇಮ್ಮಡಿಸುತ್ತಾ ಹನ್ನೊಂದನೇ ಸಲಕ್ಕೆ ಏಳು ದಿನ ದಾಟುತ್ತದೆ. ಹಳೆಯ ತಪ್ಪು ಕೂಡಿ ಕೂಡಿ ಪ್ರತಿಕ್ರಿಯೆ ಮಿತಿಮೀರುವ, ಕಂಟ್ರೋಲ್ ಪಾಠದ ಇಂಟಿಗ್ರಲ್ ವೈಂಡಪ್‌ನಂಥದ್ದೇ ಇದು. ಬ್ಯಾನ್‌ಟೈಮ್ ಮ್ಯಾಕ್ಸ್‌ಟೈಮ್ ಒಂದು ಗಂಟೆಗೆ ಕಟ್ಟಿಡಿ.

ಕ್ರೌಡ್‌ಸೆಕ್‌ನ ದೊಡ್ಡ ಕಿರಿಕಿರಿ ಆಕ್ಚುಯೇಟರ್ ಬೇರೆ ಪ್ಯಾಕೇಜಿನಲ್ಲಿರುವುದು. ಮುಖ್ಯ ಪ್ಯಾಕೇಜನ್ನಷ್ಟೇ ಹಾಕಿದರೆ ದಾಳಿ ಕಾಣುತ್ತದೆ, ತೀರ್ಮಾನ ಪಟ್ಟಿಯಾಗುತ್ತದೆ, ಆದರೆ ಒಂದು ಪ್ಯಾಕೆಟ್ಟೂ ನಿಲ್ಲುವುದಿಲ್ಲ. ಲೂಪ್ ತೆರೆದೇ ಇದೆ. ತೀರ್ಮಾನವನ್ನು ಫೈರ್‌ವಾಲಿನಲ್ಲಿ ಜಾರಿ ಮಾಡುವ ಫೈರ್‌ವಾಲ್ ಬೌನ್ಸರನ್ನು ಪ್ರತ್ಯೇಕವಾಗಿ ಹಾಕಲೇಬೇಕು.

ಅದನ್ನು ಹಾಕಿದ ಮೇಲೂ ಒಂದು ತೊಡಕು. ಕ್ರೌಡ್‌ಸೆಕ್‌ನ ಲೋಕಲ್ ಎಪಿಐ (ಬೌನ್ಸರ್ ತೀರ್ಮಾನಗಳನ್ನು ಎಳೆದುಕೊಳ್ಳುವ ಜಾಗ) 8080 ಪೋರ್ಟ್ ಕೇಳುತ್ತದೆ. ಡೆವಲಪರುಗಳ ಸರ್ವರಿನಲ್ಲಿ ಅಲ್ಲಿ ಜಾವಾ ವೆಬ್ ಸರ್ವರ್ ಟಾಮ್‌ಕ್ಯಾಟ್ ಮೊದಲೇ ಕೂತಿರಬಹುದು. ಪೋರ್ಟ್ ಬದಲಿಸುವುದಾದರೆ ಮೂರು ಕಡೆ ಬದಲಿಸಿ: ಮುಖ್ಯ ಕಾನ್ಫಿಗ್, ಲೋಕಲ್ ಎಪಿಐ ಕ್ರೆಡೆನ್ಷಿಯಲ್ಸ್, ಬೌನ್ಸರಿನ ಕಾನ್ಫಿಗ್. ಮೂರನೆಯದು ಮರೆತರೆ ಬೌನ್ಸರ್ ಹಳೆಯ ಪೋರ್ಟನ್ನೇ ಹುಡುಕುತ್ತಿರುತ್ತದೆ.

ಪರೀಕ್ಷೆ ಹೀಗೆ. ಬೌನ್ಸರ್ಸ್ ಲಿಸ್ಟ್ ಕಮಾಂಡಿನಲ್ಲಿ ಕೊನೆಯ ಬಾರಿ ಎಳೆದ ಸಮಯ ಈಗಿನದೇ ಎಂದು ನೋಡಿ. ಆಮೇಲೆ ಡಿಸಿಷನ್ಸ್ ಆಡ್‌ನಲ್ಲಿ ನಿಮ್ಮ ಫೋನಿನ ಐಪಿಯನ್ನು ಎರಡು ನಿಮಿಷಕ್ಕೆ ತಡೆದು, ಆ ಫೋನಿನಿಂದ ಸೈಟ್ ತೆರೆಯಿರಿ. ಬೌನ್ಸರ್ 10 ಸೆಕೆಂಡಿಗೊಮ್ಮೆ ಕೇಳುವುದರಿಂದ ತಡೆ ಬೀಳಲು ಅಷ್ಟು ತಡವಾಗಬಹುದು. ಬೇರೆ ನೆಟ್‌ವರ್ಕಿನಿಂದ ಒಂದು ಎಸ್‌ಎಸ್‌ಎಚ್ ಸೆಷನ್ ತೆರೆದಿಟ್ಟುಕೊಂಡೇ ಇದನ್ನು ಮಾಡಿ.

ಕ್ರೌಡ್‌ಸೆಕ್‌ನ ಡಿಫಾಲ್ಟ್ ತಡೆ 4 ಗಂಟೆ. ಹಂಚಿಕೆ ಐಪಿಗೆ ಇದು ತೀರಾ ಹೆಚ್ಚು. ಪ್ರೊಫೈಲ್ಸ್ ಫೈಲಿನಲ್ಲಿ 15 ನಿಮಿಷಕ್ಕೆ ಇಳಿಸಿ.

ಇಡೀ ಭದ್ರತೆಯ ಮೇಲೆ ಕಣ್ಣಿಡುವ ದೊಡ್ಡ ತಂತ್ರಾಂಶ ವಾಜೂ ಒಳ್ಳೆಯದೇ, ಆದರೆ ಎಲ್ಲವನ್ನೂ ಒಂದೇ ಕಡೆ ಹಾಕಲು 8 ಜಿಬಿ ರ‍್ಯಾಮ್ ಕೇಳುತ್ತದೆ. ಈ ಬಜೆಟ್ಟಿಗೆ ಆಗದು.

ಎಸ್‌ಎಸ್‌ಎಚ್ ಮಾತ್ರ, ಅದೂ ಕೀ ಮೂಲಕ ಎಂದಾದರೆ ಫೇಲ್‌ಟುಬ್ಯಾನ್ ಸಾಕು. ಡೆಬಿಯನ್ 12ರಲ್ಲಿ ಲಾಗ್ ಸಿಸ್ಟಮ್‌ಡಿಯ ಜರ್ನಲಿನಲ್ಲಿರುವುದರಿಂದ ಅದರ ಕಾನ್ಫಿಗ್‌ನಲ್ಲಿ ಬ್ಯಾಕೆಂಡ್ ಸಿಸ್ಟಮ್‌ಡಿ ಎಂದು ಬರೆಯಿರಿ. ಯಾವುದನ್ನೇ ಆರಿಸಿದರೂ ಮನೆಯ ಐಪಿಯನ್ನು ವಿನಾಯಿತಿ ಪಟ್ಟಿಗೆ ಹಾಕಿ ನಂಬಬೇಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದರೆ ಮೋಡೆಮ್ಮಿಗೆ ಹೊಸ ಐಪಿ ಸಿಗಬಹುದು. ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿ, ಅದರೊಳಗಿನ ವಿಳಾಸಕ್ಕೇ ವಿನಾಯಿತಿ ಕೊಡಿ.