ಐದು ಮಳೆಗಾಲ ಕಂಡ ಪುಟ್ಟ ಉಗಿಬಂಡಿ: ಎನ್ ಸ್ಕೇಲ್ 4-4-0 ಎಂಜಿನ್ ಬಳಸಿದ ಅನುಭವ

ಮೊನ್ನೆ ಆದಿತ್ಯವಾರ ಸಂಜೆ ನನ್ನ ಮಾದರಿ ರೈಲಿನ ಎಂಜಿನ್ ಒಂದೇ ಸಮನೆ ನಲವತ್ತು ನಿಮಿಷ ಓಡಿತು. ಎಲ್ಲೂ ನಿಲ್ಲಲಿಲ್ಲ, ಬೆರಳಿನಿಂದ ತಳ್ಳಬೇಕಾಗಿ ಬರಲಿಲ್ಲ. 2020ರ ಜನವರಿಯಲ್ಲಿ ಕೈಗೆ ಬಂದ ದಿನ ಇದೇ ಎಂಜಿನ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಮೂರು ಕಡೆ ನಿಂತಿತ್ತು. ನಡುವೆ ಮಂಗಳೂರಿನ ಐದು ಮಳೆಗಾಲ ಕಳೆದಿವೆ. ಪೆಟ್ಟಿಗೆ ಬಿಚ್ಚಿದ ವಾರದಲ್ಲೇ ಬರೆದ ವಿಮರ್ಶೆಗಳನ್ನು ಓದಿ ಕೊಂಡವನು ನಾನು. ಅವುಗಳಲ್ಲಿ ಬಣ್ಣದ ಮಾತಿತ್ತು, ಮಳೆಗಾಲದ ಮಾತಿರಲಿಲ್ಲ. ಅದಕ್ಕೇ ಇಷ್ಟು ಕಾಲ ಬಳಸಿ ಬರೆಯುತ್ತಿದ್ದೇನೆ.

ವಸ್ತು ಏನೆಂದರೆ, ನಿಜದ ರೈಲಿನ 160ರಲ್ಲಿ ಒಂದು ಭಾಗದ ಅಳತೆಯ (ಎನ್ ಸ್ಕೇಲ್ ಎಂದರೆ ಇದೇ ಅಳತೆ) ಉಗಿ ಎಂಜಿನ್, ಅದರ ಬೆನ್ನಿಗೆ ಉರುವಲು ಮತ್ತು ನೀರು ಹೊರುವ ಗಾಡಿಯಾದ ಟೆಂಡರ್, ಹಳೆಗಾಲದ ಮರದ ಬೋಗಿಗಳ ಹಾಗೆ ಮಾಡಿದ ನಾಲ್ಕು ಬೋಗಿ. ಮುಂದೆ ನಾಲ್ಕು ಸಣ್ಣ ಚಕ್ರ, ನಡುವೆ ನಾಲ್ಕು ದೊಡ್ಡ ಚಕ್ರ, ಹಿಂದೆ ಒಂದೂ ಇಲ್ಲ. 4-4-0 ಎಂದರೆ ಇದೇ. 1836ರಲ್ಲಿ ಹೆನ್ರಿ ಕ್ಯಾಂಪ್‌ಬೆಲ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ವಿನ್ಯಾಸ. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಎರಡೂ ಕಡೆಯ ಹಳಿಗಳು ಕೂಡಿದಾಗ ಮುಖಾಮುಖಿ ನಿಂತ ಜುಪಿಟರ್ ಮತ್ತು 119 ಎಂಬ ಎಂಜಿನ್‌ಗಳು ಇದೇ ಜಾತಿಯವು. ಎಂಜಿನ್ ತಯಾರಿಸಿದ ಕಂಪನಿಯ ಹೆಸರು ಬರೆಯುವುದಿಲ್ಲ. ಈ ಅಳತೆಯಲ್ಲಿ ಈ ಕಾಲದ ಎಂಜಿನ್ ಯಾರದ್ದೇ ಕೊಂಡರೂ ಕೆಳಗಿನ ಮಾತುಗಳಲ್ಲಿ ಹೆಚ್ಚಿನವು ಉಪಯೋಗಕ್ಕೆ ಬರುತ್ತವೆ.

ಮಂಗಳೂರಿನವರಿಗೆ ಅಮೆರಿಕದ ಎಂಜಿನ್ ಯಾಕೆ ಎಂದು ನೆಂಟರೆಲ್ಲ ಕೇಳಿದ್ದಾರೆ. ನನ್ನ ಆಸೆ ಇದ್ದದ್ದು 1907ರಲ್ಲಿ ನಮ್ಮ ಊರಿಗೆ ಮೊದಲು ರೈಲು ಬಂದ ಕಾಲದ ಎಂಜಿನ್ ಮೇಲೆ. ಈ ಅಳತೆಯಲ್ಲಿ ಅದು ನನಗೆ ಎಲ್ಲೂ ಸಿಗಲಿಲ್ಲ. ಹಳಿಯ ಲೆಕ್ಕವೂ ಕೂಡಿಬರುವುದಿಲ್ಲ. ಎನ್ ಸ್ಕೇಲ್‌ನ ಹಳಿಗಳ ನಡುವಿನ ಅಂತರ 9 ಮಿ.ಮೀ. ಅಮೆರಿಕದ 1435 ಮಿ.ಮೀ.ಯನ್ನು 160ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅದಕ್ಕೆ ಹತ್ತೂವರೆ ಮಿ.ಮೀ. ಬೇಕು. ಒಂದೂವರೆ ಮಿ.ಮೀ. ಎಂದರೆ ಸಣ್ಣದು ಅನ್ನಿಸಬಹುದು. ಆದರೆ ಎದುರಿನಿಂದ ನೋಡಿದಾಗ ನಮ್ಮ ಎಂಜಿನ್ ಮೊಣಕಾಲು ಕೂಡಿಸಿ ನಿಂತ ಹಾಗೆ ಕಾಣುತ್ತದೆ. ಹಾಗಾಗಿ ಎಂಜಿನ್ ಅದರ ದೇಶದ್ದೇ ಇರಲಿ, ಸುತ್ತಲಿನ ಮಣ್ಣು ಮತ್ತು ಹೆಂಚು ಮಾತ್ರ ನಮ್ಮದಿರಲಿ ಎಂದು ತೀರ್ಮಾನಿಸಿದೆ.

ಮನೆಯಲ್ಲಿ ಜಾಗ ಕಡಿಮೆ ಇರುವವರಿಗೆ ಉಗಿಯ ಆರಂಭದ ಕಾಲದಷ್ಟು ಒಗ್ಗುವ ಕಾಲ ಇನ್ನೊಂದಿಲ್ಲ. ನಮ್ಮ ರೈಲುಗಳ ಇಂದಿನ ಎಲ್‌ಎಚ್‌ಬಿ ಎಂಬ ಮಾದರಿಯ ಬೋಗಿ ಇಪ್ಪತ್ತಮೂರೂವರೆ ಮೀಟರ್ ಉದ್ದ, ಈ ಅಳತೆಯಲ್ಲಿ ಸುಮಾರು 15 ಸೆಂ.ಮೀ. ಇಪ್ಪತ್ತೆರಡು ಬೋಗಿಯ ಗಾಡಿ ಮಾಡಹೊರಟರೆ ಬೋಗಿಗಳೇ ಮೂರು ಮೀಟರಿಗಿಂತ ಹೆಚ್ಚು ಉದ್ದವಾಗುತ್ತವೆ. ನನ್ನ ಇಡೀ ಗಾಡಿ, ಎಂಜಿನ್ ಸೇರಿ, ಅರ್ಧ ಮೀಟರ್. ಅಷ್ಟಕ್ಕೇ ಅದು ಪೂರ್ಣ ಗಾಡಿ, ಯಾಕೆಂದರೆ ಆ ಕಾಲದ ಗಾಡಿಗಳೇ ಮೋಟು. ತಿರುವು ಬಿಗಿಯಾಗಿದ್ದರೂ ಬೋಗಿ ಹೊರಕ್ಕೆ ಚಾಚುವುದಿಲ್ಲ. ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲದ ಹಲಗೆಯ ಮೇಲೆ ಒಂದು ಸುತ್ತು, ಬದಿಗೆ ಒಂದು ನಿಲ್ದಾಣ. ಸುತ್ತಿನ ಉದ್ದ 256 ಸೆಂ.ಮೀ. ಗಂಟೆಗೆ 40 ಕಿ.ಮೀ. ವೇಗವನ್ನು 160ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 7 ಸೆಂ.ಮೀ. ಬರುತ್ತದೆ, ಅಂದರೆ ಒಂದು ಸುತ್ತಿಗೆ 37 ಸೆಕೆಂಡು. ನನ್ನ ಮೊಮ್ಮಗಳು ಗಡಿಯಾರ ಹಿಡಿದು ನೋಡುತ್ತಾಳೆ. ಮೂವತ್ತಕ್ಕಿಂತ ಕೆಳಗೆ ಬಂದರೆ "ಅಜ್ಜ, ಜೋರಾಯ್ತು" ಎಂದು ಕೂಗುತ್ತಾಳೆ.

ನೋಟಕ್ಕೆ ಪೂರ್ಣ ಅಂಕ. ಚಿಮಣಿ ಮೇಲಕ್ಕೆ ಹೋದಂತೆ ಕೊಡದ ಹಾಗೆ ಉಬ್ಬಿದೆ. ಅದು ಅಲಂಕಾರವಲ್ಲ. ಕಟ್ಟಿಗೆ ಉರಿಸುವ ಎಂಜಿನ್‌ನಿಂದ ಕಿಡಿ ಹಾರಿ ಹೊಲಕ್ಕೂ ಬೋಗಿಯ ಮಾಡಿಗೂ ಬೆಂಕಿ ಹತ್ತುತ್ತಿದ್ದ ಕಾಲ, ಆ ಕಿಡಿ ತಡೆಯಲು ಉಬ್ಬಿನೊಳಗೆ ಬಲೆ ಇರುತ್ತಿತ್ತು. ಟೆಂಡರಿನಲ್ಲಿ ಕಲ್ಲಿದ್ದಲಲ್ಲ, ಸೀಳಿದ ಕಟ್ಟಿಗೆಯನ್ನೇ ಪೇರಿಸಿದ್ದಾರೆ, ಒಂದೊಂದು ತುಂಡೂ ಬೇರೆ ಬೇರೆ ಕಾಣುತ್ತದೆ. ಬೋಗಿಗಳನ್ನು ಜೋಡಿಸುವ ಕಪ್ಲಿಂಗ್ ಮಾತ್ರ ಕಾಲಕ್ಕೆ ಸಲ್ಲದ್ದು. 1860ರ ದಶಕದ ಬೋಗಿಗಳನ್ನು ಕೊಂಡಿ ಮತ್ತು ಮೊಳೆಯಿಂದ ಜೋಡಿಸುತ್ತಿದ್ದರು. ಎರಡು ಬೋಗಿಗಳ ನಡುವೆ ಕೈ ಹಾಕಿ ಮೊಳೆ ಇಳಿಸುವ ಆ ಕೆಲಸದಲ್ಲಿ ಬೆರಳು ಕಳೆದುಕೊಂಡವರು ಬಹಳ. ತಾವಾಗಿಯೇ ಕಚ್ಚಿಕೊಳ್ಳುವ ಕಪ್ಲಿಂಗಿಗೆ ಇಲೈ ಜ್ಯಾನಿ ಪೇಟೆಂಟ್ ಪಡೆದದ್ದು 1873ರಲ್ಲಿ, ಅಮೆರಿಕದಲ್ಲಿ ಅದನ್ನು ಕಡ್ಡಾಯಗೊಳಿಸುವ ಕಾನೂನು ಬಂದದ್ದು 1893ರಲ್ಲಿ. ಈ ಸೆಟ್ಟಿನಲ್ಲಿ ಇರುವುದು ಜ್ಯಾನಿ ಮಾದರಿಯದ್ದು. 160ರ ಅಳತೆಯಲ್ಲಿ ಕೊಂಡಿ ಮೊಳೆ ಜೋಡಿಸುವ ಕಣ್ಣು ನನಗಿನ್ನು ಇಲ್ಲ, ಇದನ್ನು ಒಪ್ಪಿಕೊಂಡಿದ್ದೇನೆ. ಮುಂದಿನ ದೀಪ ಬಿಳಿಯಾಗಿ ಕಣ್ಣಿಗೆ ಹೊಡೆಯುತ್ತಿತ್ತು, ಎಣ್ಣೆದೀಪದ ಬಣ್ಣ ಬರಲು ಹಳದಿ ಬಣ್ಣವನ್ನು ತೆಳುವಾಗಿ ಎರಡು ಸಲ ಬಳಿದೆ.

ಇನ್ನು ಓಟ. ಮೂವತ್ತು ಟನ್ನಿನ ಎಂಜಿನ್ ಮೂರೂ ದಿಕ್ಕಿನಲ್ಲಿ 160 ಪಾಲು ಕುಗ್ಗಿದರೆ ತೂಕ ಏಳು ಗ್ರಾಂ ಚಿಲ್ಲರೆ. ಮಾದರಿ ಅದಕ್ಕಿಂತ ಭಾರ ಇದೆ, ಆದರೂ ಹಗುರವೇ. ಹಳಿಯ ಮೇಲಿನ ಧೂಳು ಮಾತ್ರ ಕುಗ್ಗುವುದಿಲ್ಲ. ಮೋಟರು ಟೆಂಡರಿನೊಳಗಿದೆ, ಟೆಂಡರೇ ಎಂಜಿನನ್ನು ದೂಡುತ್ತದೆ. ವಿದ್ಯುತ್ ಒಂದು ಹಳಿಯಿಂದ ಎಂಜಿನ್‌ನ ಚಕ್ರಗಳ ಮೂಲಕ, ಇನ್ನೊಂದು ಹಳಿಯಿಂದ ಟೆಂಡರಿನ ಚಕ್ರಗಳ ಮೂಲಕ ಬರುತ್ತದೆ. ಯಾವುದಾದರೂ ಒಂದು ಕಡೆ ಕೂದಲೆಳೆಯಷ್ಟು ಎದ್ದರೂ ಗಾಡಿ ನಿಂತಿತು. ದೊಡ್ಡ ಡೀಸೆಲ್ ಎಂಜಿನ್ ಮಾದರಿಗಳಲ್ಲಿ ಎಂಟು, ಹನ್ನೆರಡು ಚಕ್ರ ವಿದ್ಯುತ್ ಎತ್ತುತ್ತವೆ, ಅವುಗಳಿಗೆ ಈ ಗೋಳಿಲ್ಲ.

ಇದಕ್ಕೆ ಮದ್ದು ಸಿಕ್ಕಿದ್ದು ಗಿಟಾರಿನಲ್ಲಿ. ಅಕೂಸ್ಟಿಕ್ ಗಿಟಾರಿನ ದಪ್ಪ ತಂತಿಗಳ ಮೇಲೆ ಸುತ್ತುವುದು ಹೆಚ್ಚಾಗಿ ಫಾಸ್ಫರ್ ಬ್ರಾಂಜ್. ಸ್ಪ್ರಿಂಗಿನ ಹಾಗೆ ಒತ್ತಿ ನಿಲ್ಲುತ್ತದೆ, ವಿದ್ಯುತ್ತನ್ನೂ ಸಲೀಸಾಗಿ ಹಾಯಿಸುತ್ತದೆ. ಪಕ್ಕದ ಮನೆಯ ಹುಡುಗ ತೆಗೆದಿಟ್ಟ ಹಳೆ ತಂತಿಯ ಸುತ್ತು ಬಿಚ್ಚಿ, ನೆಟ್ಟಗೆ ಮಾಡಿ, ಟೆಂಡರಿನ ಆಚೆ ಬದಿಯ ಚಕ್ರಗಳ ಹಿಂಭಾಗಕ್ಕೆ ಮೆಲ್ಲಗೆ ತಾಗುವಂತೆ ಬೆಸುಗೆ ಹಾಕಿದೆ. ಒತ್ತಡ ಜಾಸ್ತಿಯಾದರೆ ಚಕ್ರ ತಿರುಗದೆ ಜಾರುತ್ತದೆ, ಕಡಿಮೆಯಾದರೆ ಪ್ರಯೋಜನವಿಲ್ಲ. ಮೂರು ಸಂಜೆ ಅದಕ್ಕೇ ಹೋಯಿತು. ಆ ದಿನದಿಂದ ಎಂಜಿನ್‌ನ ನಡೆಯೇ ಬದಲಾಯಿತು.

ಮೊದಲ ಮಳೆಗಾಲ ಕಲಿಸಿದ್ದು ಬೇರೆ. ಜುಲೈಯಲ್ಲಿ ಹಳಿಯ ಕೆಳಗಿನ ಕಾರ್ಕ್ ಶೀಟಿಗೆ ಬಿಳಿ ಬೂಷ್ಟು ಹಿಡಿಯಿತು, ಅಗ್ಗದ ಪ್ಲೈವುಡ್ ಉಬ್ಬಿ ಹಳಿಯ ಕೀಲುಗಳು ಬಾಯಿಬಿಟ್ಟವು. ಎಲ್ಲ ಕಿತ್ತು ಮರೈನ್ ಪ್ಲೈ ತಂದೆ, ಅಂಚುಗಳಿಗೂ ಅಡಿಭಾಗಕ್ಕೂ ವಾರ್ನಿಶ್ ಕೊಟ್ಟೆ. ಕರಾವಳಿಯವರು ಹಲಗೆಯಲ್ಲಿ ಹಣ ಉಳಿಸಲು ಹೋಗಬೇಡಿ. ಹಳಿ ಬದಲಿಸಿ ಕಾಟೋ ಕಂಪನಿಯ ಯುನಿಟ್ರ್ಯಾಕ್ ಹಾಕಿದೆ. ಅದರ ಕೀಲು ನಾಲ್ಕು ವರ್ಷದಲ್ಲಿ ಒಂದೂ ಸಡಿಲಾಗಿಲ್ಲ. ಎಂಜಿನ್ ಮತ್ತು ಬೋಗಿ ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಹಳಿ ಒರೆಸಲು ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸುತ್ತಿದ್ದೆ, ವಾರದಲ್ಲಿ ಮತ್ತೆ ಕಪ್ಪಾಗುತ್ತಿತ್ತು. ಈಗ ಪೇಂಟ್ ಅಂಗಡಿಯ ಟರ್ಪೆಂಟೈನ್ ಬಟ್ಟೆಗೆ ಸ್ವಲ್ಪ ತಾಗಿಸಿ, ಕಿಟಕಿ ತೆರೆದು, ಸ್ವಿಚ್ ಆರಿಸಿ ಒರೆಸುತ್ತೇನೆ. ತಿಂಗಳು ಬರುತ್ತದೆ. ಮರಳುಕಾಗದ ಮಾತ್ರ ಮುಟ್ಟಿಸಬೇಡಿ, ಗೀರಿನಲ್ಲಿ ಕೊಳೆ ಕೂತು ಇನ್ನೂ ಕೆಡುತ್ತದೆ.

ಮಣ್ಣಿನ ಕತೆ ವಿವರವಾಗಿಯೇ ಹೇಳಬೇಕು. ಹಳಿಯ ಬದಿಗೆ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಪುಡಿಯೇ ಬೇಕೆಂದು ಹಿತ್ತಿಲಿನಿಂದ ತಂದು, ಕುಟ್ಟಿ, ಚಹಾ ಸೋಸುವ ಜಾಲರಿಯಲ್ಲಿ ಜಾಳಿಸಿ, ಫೆವಿಕಾಲ್ ನೀರಿನಲ್ಲಿ ಅಂಟಿಸಿದೆ. ಬಣ್ಣ ನೋಡಿ ಕಣ್ಣು ತುಂಬಿತು. ಎರಡು ವಾರದಲ್ಲಿ ಮೋಟರು ಗರಗರ ಅನ್ನತೊಡಗಿತು. ಟೆಂಡರು ಬಿಚ್ಚಿದರೆ ಮೋಟರಿನ ಅಯಸ್ಕಾಂತದ ಸುತ್ತ ಕೆಂಪು ಮೀಸೆ. ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಧಾರಾಳ, ಅದರಲ್ಲಿ ಸ್ವಲ್ಪ ಭಾಗ ಅಯಸ್ಕಾಂತಕ್ಕೆ ಅಂಟುತ್ತದೆ. ಹಳೆ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಉಳಿದ ಪುಡಿಯ ಮೇಲೆ ಆಡಿಸಿದಾಗ ಕಪ್ಪುಗೆಂಪು ಕಣಗಳು ಜಿಗಿದು ಬಂದು ಕೂತವು. ಹಳಿಯ ಹತ್ತಿರದ್ದೆಲ್ಲ ಕೆರೆದು ತೆಗೆದೆ. ಈಗ ಅಲ್ಲಿ ಅಯಸ್ಕಾಂತದಲ್ಲಿ ಪರೀಕ್ಷಿಸಿದ ಹೊಯಿಗೆ, ಮೇಲೆ ಕೆಂಪು ಪೋಸ್ಟರ್ ಬಣ್ಣ. ಹಳಿಯಿಂದ ಗೇಣು ದೂರದಲ್ಲಿ ಮಾತ್ರ ಅಸಲಿ ಮಣ್ಣು. ನಿಲ್ದಾಣದ ಮಾಡಿಗೆ ಗೆರೆಗೆರೆಯ ರಟ್ಟು ಹೊದಿಸಿ, ಒಡೆದ ಹೆಂಚಿನ ನಯವಾದ ಪುಡಿ ಹಚ್ಚಿದ್ದೇನೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಜೆಪ್ಪುವಿನಲ್ಲೇ ನಮ್ಮ ಮನೆ. ಹೆಂಚಿನ ಪುಡಿಗೆ ಬರವಿಲ್ಲ.

ಮೂರನೇ ವರ್ಷ ಎಂಜಿನ್ ಕುಂಟತೊಡಗಿತು, ಚಕ್ರದ ಪ್ರತಿ ಸುತ್ತಿಗೂ ಟಿಕ್ ಎಂಬ ಸದ್ದು. ಕಂಪನಿಗೆ ಎರಡು ಸಲ ಬರೆದೆ, ಬಿಡಿಭಾಗ ಇಲ್ಲ ಎಂದು ಉತ್ತರ ಬಂತು. ಇಷ್ಟು ಬೆಲೆಯ ವಸ್ತುವಿಗೆ ಬೆರಳುಗುರಿನಷ್ಟು ಗೇರು ಕೊಡಲಾಗದ್ದು ನನಗೆ ನಿಜವಾಗಿ ನೋವು ತಂದ ಸಂಗತಿ. ರಥಬೀದಿಯ ವಾಚ್ ರಿಪೇರಿಯವರ ಹತ್ತಿರ ಒಯ್ದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ತುಂಬ ಹೊತ್ತು ನೋಡಿದರು.

"ಗೇರು ಸೀಳಿದೆ ಮಾಸ್ಟ್ರೆ. ಇಲ್ಲಿ ಗೆರೆ ಕಾಣ್ತದಲ್ಲ?"

ಕಂಡಿತು. ಪ್ಲಾಸ್ಟಿಕ್ ಗೇರನ್ನು ಚಕ್ರದ ಲೋಹದ ಅಚ್ಚಿಗೆ ಬಿಗಿಯಾಗಿ ಒತ್ತಿ ಕೂರಿಸಿದ್ದರಿಂದ ವರ್ಷಗಟ್ಟಲೆಯ ಒತ್ತಡಕ್ಕೆ ಎರಡು ಹಲ್ಲುಗಳ ನಡುವೆ ಬಿರುಕು ಬಿಟ್ಟಿತ್ತು. ಬಿರುಕು ಅಗಲವಾದಲ್ಲಿ ಹಲ್ಲು ಸರಿಯಾಗಿ ಕೂರದೆ ಟಿಕ್ ಅನ್ನುತ್ತಿತ್ತು. ಅವರು ಅಚ್ಚನ್ನು ಎಳೆಯಷ್ಟು ಸವೆಸಿ, ಗೇರು ಸಡಿಲವಾಗಿ ಕೂರುವಂತೆ ಮಾಡಿ, ಎಪಾಕ್ಸಿ ಅಂಟಿನಲ್ಲಿ ನಿಲ್ಲಿಸಿದರು. ಗಟ್ಟಿಯಾಗಿದ್ದ ಹಳೆ ಗ್ರೀಸ್ ತೆಗೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಒಂದೇ ಹನಿ ಬಿಟ್ಟರು. "ಜಾಸ್ತಿ ಹಾಕಿದ್ರೆ ಧೂಳು ಹಿಡಿದು ಮತ್ತೆ ಅದೇ ಕತೆ ಆಗ್ತದೆ" ಅಂದರು. ಎರಡು ವರ್ಷವಾಯಿತು, ಟಿಕ್ ಸದ್ದು ಮತ್ತೆ ಕೇಳಿಲ್ಲ.

ಖರ್ಚಿನ ವಿಷಯ. 2020ರ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ ಶೇ. 60ಕ್ಕೆ ಏರಿತು. ಇಂಥ ಮಾದರಿಗಳೂ ಅದೇ ಪಟ್ಟಿಯೊಳಗೆ. ನನ್ನದನ್ನು ಚಿಕ್ಕಪ್ಪನ ಮಗ ಅಮೆರಿಕದಿಂದ ಅದಕ್ಕೆ ಮೊದಲೇ ತಂದಿದ್ದ. ಅಲ್ಲಿಂದ ತರಿಸುವವರು ಹಳಿಗೆ ವಿದ್ಯುತ್ ಕೊಡುವ ಕಂಟ್ರೋಲರಿನ ಹಿಂದಿನ ಚೀಟಿ ಓದಿ. 120 ವೋಲ್ಟ್ ಎಂದಿದ್ದರೆ ನಮ್ಮ 230 ವೋಲ್ಟ್ ಪ್ಲಗ್ಗಿಗೆ ನೇರ ಸಿಕ್ಕಿಸಬಾರದು, ನಡುವೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ರೂಪಕ್ಕೆ ಐದು, ಬಿಡಿಭಾಗದ ವಿಷಯಕ್ಕೆ ಒಂದು. ಬೆಸುಗೆ ಕಡ್ಡಿ ಹಿಡಿಯಲು ಮನಸ್ಸಿರುವವರು ಧೈರ್ಯವಾಗಿ ಕೊಳ್ಳಿ. ಪೆಟ್ಟಿಗೆಯಿಂದ ತೆಗೆದ ಕೂಡಲೇ ಮಕ್ಕಳ ಕೈಗೆ ಕೊಡಬೇಕೆನ್ನುವವರು ಮೊದಲು ಡೀಸೆಲ್ ಎಂಜಿನ್ ಕೊಂಡು ಹಳಿ ಪಳಗಿಸಿಕೊಳ್ಳಿ. ಏರು ಇರುವ ಹಳಿಗೆ ಇದು ಆಗದು. ಸಮತಟ್ಟಿನಲ್ಲಿ ನಾಲ್ಕು ಬೋಗಿ ಸಲೀಸಾಗಿ ಎಳೆಯುತ್ತದೆ, ಐದನೆಯದು ಕಟ್ಟಿದರೆ ತಿರುವಿನಲ್ಲಿ ಚಕ್ರ ಜಾರುತ್ತದೆ.

ಜಾರದಿರಲೆಂದು ಟೆಂಡರಿನ ಚಕ್ರಕ್ಕೆ ಹಾಕಿದ ರಬ್ಬರು ಬಳೆ ಸೆಖೆಗೆ ಮೆತ್ತಗಾಗಿ ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಸೆಟ್ಟಿನ ಜೊತೆ ಬಂದ ಪೊಟ್ಟಣದಲ್ಲಿ ಇನ್ನು ಎರಡು ಉಳಿದಿವೆ.